ಬೇರು ಬೇರೆ, ಅಂಗಳ ಒಂದೇ

ಬೆಂಗಳೂರಿನಲ್ಲಿ ನಿವೇಶನ ಕೊಳ್ಳಲು ಹೊರಟವರು ಮೊದಲು ಕೇಳುವುದು ಮೂಲಪತ್ರವನ್ನು; ಆಡುಮಾತಿನಲ್ಲಿ ಹೇಳುವುದಾದರೆ ‘ಮದರ್ ಡೀಡ್’. ತೆರಿಗೆಯ ಖಾತೆ ಇಂದು ಯಾರ ಹೆಸರಿನಲ್ಲಿದೆ ಎಂದು ತಿಳಿದರೆ ಸಾಲದು. ಆ ಜಾಗ ಅವರ ಕೈಗೆ ಬಂದದ್ದು ಹೇಗೆ, ಅವರಿಗೆ ಕೊಟ್ಟವರು ಯಾರು, ಕೊಟ್ಟವರಿಗೆ ಎಲ್ಲಿಂದ ಬಂತು ಎಂಬ ಸರಪಳಿ ಮೊದಲ ಪತ್ರದವರೆಗೂ ಬಿಡದೆ ಸಾಗಬೇಕು. ನಡುವೆ ಒಂದು ಕೊಂಡಿ ಕಾಣದಿದ್ದರೂ ವಕೀಲರು ಬೇಡವೆನ್ನುತ್ತಾರೆ, ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಮಣ್ಣಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಇದೇ ನಗರದಲ್ಲಿ ಲಕ್ಷಾಂತರ ಮಂದಿ ದಿನನಿತ್ಯ ಬರೆದು ಬೆಳೆಸುತ್ತಿರುವ ಇನ್ನೊಂದು ಆಸ್ತಿಗೂ ಇಂಥದೇ ಮೂಲಪತ್ರ, ಇಂಥದೇ ಸರಪಳಿ ಇದೆ. ಆ ಆಸ್ತಿ ತಂತ್ರಾಂಶ. ಅದರ ಸರಪಳಿಯನ್ನು ನಾವು ಅಷ್ಟೇ ಎಚ್ಚರದಿಂದ ನೋಡಿಕೊಳ್ಳುತ್ತಿದ್ದೇವೆಯೇ ಎಂಬುದು ಪ್ರಶ್ನೆ.

ತಂತ್ರಾಂಶದ ಒಂದೊಂದು ರೂಪವನ್ನೂ ಕಾಪಿಡುವ ವ್ಯವಸ್ಥೆಗೆ ‘ವರ್ಷನ್ ಕಂಟ್ರೋಲ್’ ಎಂದು ಹೆಸರು. ಇವುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ರೂಪಿಸಿದರು. ಒಂದು ಯೋಜನೆಯ ಎಲ್ಲ ಕಡತಗಳೂ ಅವುಗಳ ಹಳೆಯ ರೂಪಗಳೂ ಒಂದೇ ಭಂಡಾರದಲ್ಲಿ, ಅಂದರೆ ‘ರೆಪಾಸಿಟರಿ’ಯಲ್ಲಿ ಇರುತ್ತವೆ. ಬದಲಾವಣೆಯನ್ನು ದಾಖಲಿಸಿದಾಗಲೆಲ್ಲ ಒಂದು ‘ಕಮಿಟ್’ ಹುಟ್ಟುತ್ತದೆ. ಬದಲಿಸಿದವರು ಯಾರು, ಯಾವಾಗ, ಏಕೆ ಎಂಬ ವಿವರದ ಜೊತೆಗೆ ತನಗಿಂತ ಹಿಂದಿನ ಕಮಿಟ್ ಯಾವುದೆಂಬ ಗುರುತೂ ಅದರಲ್ಲಿರುತ್ತದೆ. ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳಿರುವ ಈ ಗುರುತನ್ನು ಕಮಿಟ್‌ನ ಒಳಗಿರುವುದೆಲ್ಲವನ್ನೂ ಗಣಿತದ ಸೂತ್ರವೊಂದಕ್ಕೆ ಒಡ್ಡಿ ಪಡೆಯಲಾಗುತ್ತದೆ. ಹಿಂದಿನ ಕಮಿಟ್‌ನಲ್ಲಿ ಒಂದಕ್ಷರ ತಿದ್ದಿದರೂ ಅದರ ಗುರುತು ಬದಲಾಗುತ್ತದೆ; ಅದರ ಮೇಲೆ ನಿಂತ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಆದ್ದರಿಂದ ಗಿಟ್‌ನ ಇತಿಹಾಸವನ್ನು ಯಾರಿಗೂ ತಿಳಿಯದಂತೆ ತಿದ್ದುವುದು ಸುಲಭವಲ್ಲ.

ಈ ಸರಪಳಿ ಅಲ್ಲಲ್ಲಿ ಕವಲೊಡೆಯುತ್ತದೆ. ಒಬ್ಬರು ಹೊಸ ಸೌಲಭ್ಯ ಸೇರಿಸುತ್ತಿರುವಾಗ ಇನ್ನೊಬ್ಬರು ಹಳೆಯ ದೋಷ ತಿದ್ದುತ್ತಿರಬಹುದು. ಇಬ್ಬರೂ ತಮ್ಮ ತಮ್ಮ ಶಾಖೆಯಲ್ಲಿ, ಅಂದರೆ ‘ಬ್ರಾಂಚ್’ನಲ್ಲಿ ಕೆಲಸ ಮಾಡಿ ಕೊನೆಗೆ ಅವನ್ನು ವಿಲೀನಗೊಳಿಸುತ್ತಾರೆ. ಯಾವ ಶಾಖೆಯನ್ನು ಹಿಡಿದು ಹಿಂದಕ್ಕೆ ನಡೆದರೂ ಸಾಮಾನ್ಯವಾಗಿ ತಲಪುವುದು ಒಂದೇ ಬೇರನ್ನು. ಆದರೆ ಹಾಗೆಯೇ ಇರಬೇಕೆಂಬ ನಿಯಮ ಗಿಟ್‌ನಲ್ಲಿಲ್ಲ. ಒಂದೇ ಭಂಡಾರದಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಎರಡು, ಮೂರು, ಹತ್ತು ಬೇರುಗಳಿರಬಹುದು. ಹಾಗೆ ಹೊಸ ಬೇರಿನಿಂದ ಹೊರಟ ಶಾಖೆಗೆ ‘ಆರ್ಫನ್ ಬ್ರಾಂಚ್’, ಅನಾಥ ಶಾಖೆ ಎನ್ನುತ್ತಾರೆ. ಹೆಸರು ಕನಿಕರ ಹುಟ್ಟಿಸುವಂತಿದೆ. ಆದರೆ ಅದು ಹೆತ್ತವರನ್ನು ಕಳೆದುಕೊಂಡದ್ದಲ್ಲ, ಹೆತ್ತವರಿಲ್ಲದೆಯೇ ಹುಟ್ಟಿದ್ದು.

ನಿರಾಕರಣೆಯ ಹಿಂದಿನ ವಿವೇಕ

ಈ ವೃತ್ತಿಗೆ ಹೊಸದಾಗಿ ಕಾಲಿಟ್ಟವರಿಗೆ ಇದರ ಪರಿಚಯವಾಗುವುದು ಒಂದು ನಿರಾಕರಣೆಯ ಮೂಲಕ. ತಮ್ಮ ಗಣಕದಲ್ಲಿ ಒಂದು ಭಂಡಾರ ತೆರೆದು ನಾಲ್ಕು ದಿನ ಕೆಲಸ ಮಾಡಿರುತ್ತಾರೆ. ಬಳಿಕ ಅಂತರ್ಜಾಲ ತಾಣದಲ್ಲಿ ಇನ್ನೊಂದು ಭಂಡಾರ ತೆರೆಯುತ್ತಾರೆ. ಅಲ್ಲಿ ಪರಿಚಯ ಟಿಪ್ಪಣಿಯ ಕಡತವೊಂದು ತಾನಾಗಿಯೇ ಸೃಷ್ಟಿಯಾಗಿರುತ್ತದೆ. ಎರಡನ್ನೂ ಸೇರಿಸಲು ಹೋದರೆ ಗಿಟ್ ಒಪ್ಪುವುದಿಲ್ಲ. ಸಂಬಂಧವಿಲ್ಲದ ಇತಿಹಾಸಗಳನ್ನು ವಿಲೀನಗೊಳಿಸಲಾರೆ ಎಂದು ಖಡಾಖಂಡಿತವಾಗಿ ಹೇಳುತ್ತದೆ. ಹುಡುಕಿದರೆ ಅರ್ಧ ನಿಮಿಷದಲ್ಲಿ ಮದ್ದು ಸಿಗುತ್ತದೆ: ಆದೇಶದ ಕೊನೆಯಲ್ಲಿ ‘ಅಲೋ ಅನ್‌ರಿಲೇಟೆಡ್ ಹಿಸ್ಟರೀಸ್’ ಎಂಬ ಸೂಚನೆಯೊಂದನ್ನು ಸೇರಿಸಿದರಾಯಿತು. ಬಹುತೇಕರು ಅದನ್ನು ನಕಲು ಮಾಡಿ ಅಂಟಿಸಿ ಮುಂದೆ ಸಾಗುತ್ತಾರೆ. ಗಿಟ್ ಏಕೆ ತಡೆಯಿತು ಎಂದು ಕೇಳಿಕೊಳ್ಳುವವರು ಕಡಿಮೆ.

ಕೇಳಿಕೊಳ್ಳಬೇಕಾದದ್ದು ಅದನ್ನೇ. ಮದುವೆಯ ಆಮಂತ್ರಿತರ ಪಟ್ಟಿಯನ್ನು ನೆನೆಯಿರಿ. ಮನೆಯಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದಾರೆ. ಅಣ್ಣ ತಮ್ಮಂದಿರು ಅದರ ಒಂದೊಂದು ಪ್ರತಿ ಒಯ್ದು ತಿದ್ದಿ ತಂದಿದ್ದಾರೆ. ಅಣ್ಣನ ಪ್ರತಿಯಲ್ಲಿರುವ ಒಂದು ಹೆಸರು ತಮ್ಮನ ಪ್ರತಿಯಲ್ಲಿಲ್ಲ. ಅದನ್ನು ಅಣ್ಣ ಸೇರಿಸಿದನೋ, ತಮ್ಮ ಹೊಡೆದುಹಾಕಿದನೋ? ಮೂಲಪಟ್ಟಿ ಕೈಯಲ್ಲಿದ್ದರೆ ಉತ್ತರ ಕ್ಷಣಾರ್ಧದಲ್ಲಿ ಸಿಗುತ್ತದೆ. ಮೂಲಪಟ್ಟಿ ಕಳೆದುಹೋಗಿದ್ದರೆ ಪಂಚಾಯಿತಿಯೇ ಗತಿ. ಗಿಟ್ ಎರಡು ಶಾಖೆಗಳನ್ನು ಬೆಸೆಯುವುದು ಇದೇ ಬಗೆಯಲ್ಲಿ. ಎರಡಕ್ಕೂ ಸಮಾನ ಪೂರ್ವಜನಾದ ಕಮಿಟ್ ಅನ್ನು ಹುಡುಕಿ, ಅದನ್ನು ಮೂಲಪಟ್ಟಿಯೆಂದು ಹಿಡಿದು, ಯಾರು ಏನು ಬದಲಿಸಿದರೆಂದು ನಿರ್ಧರಿಸುತ್ತದೆ.

ಬೇರುಗಳೇ ಬೇರೆಯಾದಾಗ ಮೂಲಪಟ್ಟಿಯೇ ಇರುವುದಿಲ್ಲ. ಒಂದೇ ಹೆಸರಿನ ಕಡತ ಎರಡೂ ಕಡೆ ಇದ್ದು ಒಳಗಿನ ಸಾಲುಗಳು ಭಿನ್ನವಾಗಿದ್ದರೆ ಅದು ಘರ್ಷಣೆಯಾಗುತ್ತದೆ. ಕುಳಿತು ಕೈಯಾರೆ ಬಗೆಹರಿಸಬೇಕು. ಅದಾದರೂ ಕಣ್ಣಿಗೆ ಕಾಣುವ ತೊಂದರೆ. ಒಂದೇ ಕಡೆ ಇರುವ ಕಡತ ಮರುಮಾತಿಲ್ಲದೆ ಒಳಗೆ ಬಂದುಬಿಡುತ್ತದೆ. ಹಳೆಯ ಯೋಜನೆಯೊಂದರ ಕಡತಗಳನ್ನು ಯಾರೋ ಇತಿಹಾಸವಿಲ್ಲದೆ ನಕಲು ಮಾಡಿಕೊಂಡು ಹೋಗಿ, ದೋಷಪೂರಿತವಾದ ಹತ್ತು ಕಡತಗಳನ್ನು ಅಳಿಸಿ, ಹೊಸ ಭಂಡಾರದಲ್ಲಿ ಕೆಲಸ ಮುಂದುವರಿಸಿದರೆನ್ನಿ. ಅದನ್ನು ಹಳೆಯದರೊಂದಿಗೆ ಬಲವಂತವಾಗಿ ಸೇರಿಸಿದ ದಿನ ಆ ಹತ್ತೂ ಕಡತಗಳು ಸದ್ದಿಲ್ಲದೆ ಮರಳಿ ಬರುತ್ತವೆ. ಅವನ್ನು ಅಳಿಸಲಾಗಿತ್ತು ಎಂಬ ಸಂಗತಿ ಗಿಟ್‌ಗೆ ತಿಳಿಯುವ ದಾರಿಯೇ ಇಲ್ಲ. ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ವಿಲೀನವಲ್ಲ. ನಕಲು ಮಾಡಿದ್ದು ಹಳೆಯ ಇತಿಹಾಸದ ಯಾವ ಕಮಿಟ್‌ನಿಂದ ಎಂದು ಪತ್ತೆ ಹಚ್ಚಿ, ಹೊಸ ಬದಲಾವಣೆಗಳನ್ನು ಒಂದೊಂದಾಗಿ ಅದರ ಮೇಲೆ ನೆಡಬೇಕು.

ಲಿನಕ್ಸ್ ಕಲಿಸಿದ ಪಾಠ

ಈ ತಡೆ ಗಿಟ್‌ನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಅದು ಬಂದದ್ದು 2016ರ ಜೂನ್‌ನಲ್ಲಿ, ಗಿಟ್‌ನ 2.9ನೆಯ ಆವೃತ್ತಿಯಲ್ಲಿ. ಅದರ ಹಿಂದೆ ಒಂದು ಕಥೆಯಿದೆ. ಆ ವರ್ಷದ ಫೆಬ್ರವರಿಯಲ್ಲಿ ಎಂಜಿನಿಯರರೊಬ್ಬರು ತಮ್ಮ ಬದಲಾವಣೆಗಳನ್ನು ಹಂಚಿಕೊಳ್ಳಲು ಹೊಸ ಭಂಡಾರವೊಂದನ್ನು ತೆರೆದರು. ಅದರ ಮೊದಲ ಕಮಿಟ್‌ನಲ್ಲಿ ಇದ್ದದ್ದು ಎರಡು ಸಾಲಿನ ಪರಿಚಯ ಟಿಪ್ಪಣಿ ಮಾತ್ರ. ಅದು ಕೈಯಿಂದ ಕೈಗೆ ದಾಟುವಾಗ ಯಾರ ಗಮನಕ್ಕೂ ಬಾರದೆ ಲಿನಕ್ಸ್‌ನ ಮುಖ್ಯ ಭಂಡಾರದಲ್ಲಿ ವಿಲೀನವಾಯಿತು. ಜಗತ್ತಿನ ಅತಿ ಮುಖ್ಯ ತಂತ್ರಾಂಶಗಳಲ್ಲೊಂದರ ವಂಶವೃಕ್ಷಕ್ಕೆ ಎರಡು ಸಾಲಿನ ಟಿಪ್ಪಣಿಯೊಂದು ಹೊಸ ಮೂಲಪುರುಷನಾಗಿ ಸೇರಿಕೊಂಡಿತು. ಅದನ್ನು ಈಗ ಕಿತ್ತುಹಾಕುವಂತಿಲ್ಲ. ಕಿತ್ತರೆ ಆಮೇಲಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗಿ, ಜಗತ್ತಿನಾದ್ಯಂತ ಇರುವ ಪ್ರತಿಗಳು ಒಂದಕ್ಕೊಂದು ಹೊಂದದಂತಾಗುತ್ತವೆ. ಟೋರ್ವಾಲ್ಡ್ಸ್ ಸಿಡಿಮಿಡಿಗೊಂಡರು. ಗಿಟ್‌ನ ನಿರ್ವಾಹಕ ಜೂನಿಯೊ ಹಮಾನೊ ಕೆಲವೇ ತಿಂಗಳಲ್ಲಿ ಈ ತಡೆಯನ್ನು ಅಳವಡಿಸಿದರು.

ಹಾಗೆಂದು ಬೇರೆ ಬೇರುಗಳನ್ನು ಬೆಸೆಯುವುದೇ ತಪ್ಪೆಂದಲ್ಲ. ಗಿಟ್ ಹುಟ್ಟಿದ ಮೂರೇ ತಿಂಗಳಿಗೆ, 2005ರ ಜೂನ್‌ನಲ್ಲಿ, ಟೋರ್ವಾಲ್ಡ್ಸ್ ಅವರೇ ಅಂಥದೊಂದು ವಿಲೀನ ಮಾಡಿ ಬಹಳ ಸಂಭ್ರಮಿಸಿದ್ದರು. ಪಾಲ್ ಮೆಕ್ಕೆರಸ್ ಎಂಬುವರು ಗಿಟ್‌ನ ಇತಿಹಾಸವನ್ನು ಚಿತ್ರರೂಪದಲ್ಲಿ ತೋರಿಸುವ ‘ಗಿಟ್‌ಕೆ’ ಎಂಬ ಉಪಕರಣವನ್ನು ಪ್ರತ್ಯೇಕವಾಗಿ ಬರೆದಿದ್ದರು. ಅದರ ಕಡತವನ್ನಷ್ಟೇ ನಕಲು ಮಾಡಿ ಸೇರಿಸಿಕೊಳ್ಳುವುದು ಸುಲಭವಿತ್ತು. ಟೋರ್ವಾಲ್ಡ್ಸ್ ಹಾಗೆ ಮಾಡದೆ ಅದರ ಪೂರ್ಣ ಇತಿಹಾಸವನ್ನೂ ತಂದು ಬೆಸೆದರು. ಹೀಗಾಗಿ ಗಿಟ್‌ಕೆಯ ಒಂದೊಂದು ಸಾಲಿನ ಋಣವೂ ಅದನ್ನು ಬರೆದವರ ಹೆಸರಿನಲ್ಲಿಯೇ ಉಳಿಯಿತು. ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಕ್ರಿಸ್ ಮೇಸನ್ 2007ರಲ್ಲಿ ಹೊರಗೆ ಆರಂಭಿಸಿದ್ದರು; ಅದು 2009ರಲ್ಲಿ ಲಿನಕ್ಸ್‌ನೊಳಗೆ ಬಂದಾಗಲೂ ತನ್ನದೇ ಬೇರನ್ನು ಜೊತೆಗೆ ತಂದಿತು. ಎರಡು ನಿವೇಶನಗಳ ಖಾತೆಯನ್ನು ಒಂದುಗೂಡಿಸಿದರೂ ಮೂಲಪತ್ರಗಳು ಎರಡಾಗಿಯೇ ಉಳಿಯುತ್ತವಲ್ಲ, ಹಾಗೆ. ಬೇಕೆಂದು, ತಿಳಿದು ಮಾಡಿದ ವಿಲೀನಕ್ಕೂ ಕಣ್ತಪ್ಪಿನಿಂದ ಆದ ವಿಲೀನಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಒಂದೇ ಸೂರಿನ ಕೆಳಗೆ ಬೇರೆ ಒಲೆ

ಎಂದೂ ವಿಲೀನವಾಗದೆ ಕೊನೆಯವರೆಗೂ ಬೇರೆಯಾಗಿಯೇ ಇರಬೇಕಾದ ಶಾಖೆಗಳೂ ಇವೆ. ಒಂದೇ ಸೂರಿನ ಕೆಳಗೆ ಬೇರೆ ಒಲೆ ಹೂಡಿದ ಸಂಸಾರಗಳಂತೆ ಅವು. ಗಿಟ್‌ಹಬ್ ತಾಣವು 2008ರ ಡಿಸೆಂಬರ್‌ನಲ್ಲಿ ಯೋಜನೆಗಳಿಗೆ ಉಚಿತ ಜಾಲಪುಟ ಒದಗಿಸುವ ಸೌಲಭ್ಯ ಆರಂಭಿಸಿದಾಗ, ಆ ಪುಟಗಳ ಕಡತಗಳನ್ನು ಅದೇ ಭಂಡಾರದ ‘ಜಿಎಚ್-ಪೇಜಸ್’ ಎಂಬ ಶಾಖೆಯಲ್ಲಿ ಇಡಬೇಕಿತ್ತು. ಮುಖ್ಯ ಶಾಖೆಯಲ್ಲಿ ತಂತ್ರಾಂಶ, ಇದರಲ್ಲಿ ಜಾಲಪುಟ, ಎರಡಕ್ಕೂ ಸಂಬಂಧವಿಲ್ಲ. ಅನಾಥ ಶಾಖೆಯ ಪರಿಚಯ ಸಾವಿರಾರು ಜನರಿಗೆ ಆದದ್ದು ಹೀಗೆ. ಗಿಟ್‌ನ ಸ್ವಂತ ಭಂಡಾರದಲ್ಲಿಯೂ ‘ಟುಡು’ ಎಂಬ ಶಾಖೆಯಿದೆ. ನಿರ್ವಾಹಕರ ಟಿಪ್ಪಣಿಗಳೂ ಅವರ ಸಣ್ಣಪುಟ್ಟ ಉಪಕರಣಗಳೂ ಅಲ್ಲಿವೆ. ಗಿಟ್‌ನ ಮುಖ್ಯ ಇತಿಹಾಸಕ್ಕೂ ಅದಕ್ಕೂ ನಂಟಿಲ್ಲ.

ಇಂಥ ಸಹವಾಸ ಸುಗಮವಾಗಿ ನಡೆಯಬೇಕಾದರೆ ಕೆಲವು ಶಿಸ್ತುಗಳು ಬೇಕು. ಮೊದಲನೆಯದು ಹೆಸರು. ಶಾಖೆಯ ಹೆಸರು ನೋಡಿದೊಡನೆ ಇದು ಮುಖ್ಯ ಮನೆತನದ್ದಲ್ಲವೆಂದು ತಿಳಿಯಬೇಕು. ಅದರ ಮೊದಲ ಕಮಿಟ್‌ನ ಟಿಪ್ಪಣಿಯಲ್ಲಿಯೇ ಅದು ಏಕೆ ಹುಟ್ಟಿತು, ಯಾರ ಹೊಣೆಯಲ್ಲಿದೆ, ಮುಖ್ಯ ಶಾಖೆಯೊಂದಿಗೆ ವಿಲೀನವಾಗಬೇಕೇ ಬಾರದೇ ಎಂದು ಬರೆದಿರಬೇಕು.

ಎರಡನೆಯದು ಹುಟ್ಟಿಸುವ ಕ್ರಮ. ಅನಾಥ ಶಾಖೆ ತೆರೆಯುವ ಸೌಲಭ್ಯ 2010ರಲ್ಲಿ ‘ಚೆಕೌಟ್’ ಆದೇಶದ ಜೊತೆ ಬಂತು. ಅದು ಹಳೆಯ ಶಾಖೆಯ ಕಡತಗಳನ್ನೆಲ್ಲ ಹಾಗೆಯೇ ಮುಂದಿಡುತ್ತದೆ. ಅವನ್ನು ತೆರವು ಮಾಡಲು ಮರೆತರೆ ಇಡೀ ಹಳೆಯ ಯೋಜನೆಯೇ ಹೊಸ ಶಾಖೆಯ ಮೊದಲ ಕಮಿಟ್ ಆಗಿಬಿಡುತ್ತದೆ. 2019ರಲ್ಲಿ ಬಂದ ‘ಸ್ವಿಚ್’ ಆದೇಶ ಅಂಗಳವನ್ನು ಗುಡಿಸಿಯೇ ಕೊಡುತ್ತದೆ. ಹೊಸಬರಿಗೆ ಇದೇ ಕ್ಷೇಮ.

ಮೂರನೆಯದು ಜಾಗ. ಸಂಬಂಧವಿಲ್ಲದ ಎರಡು ಶಾಖೆಗಳ ನಡುವೆ ಒಂದೇ ಕಡತಕೋಶದಲ್ಲಿ ಅತ್ತಿಂದಿತ್ತ ಜಿಗಿಯುವಾಗ ಪ್ರತಿ ಸಲವೂ ಎಲ್ಲ ಕಡತಗಳು ಮಾಯವಾಗಿ ಬೇರೆಯವು ಪ್ರತ್ಯಕ್ಷವಾಗುತ್ತವೆ. ತಪ್ಪು ಶಾಖೆಯಲ್ಲಿ ತಪ್ಪು ಕಡತ ಸೇರಿಕೊಳ್ಳುವುದು ಇಂಥ ಗಲಿಬಿಲಿಯಲ್ಲೇ. 2015ರಲ್ಲಿ ಗಿಟ್‌ಗೆ ಸೇರಿದ ‘ವರ್ಕ್‌ಟ್ರೀ’ ಸೌಲಭ್ಯದಿಂದ ಒಂದೊಂದು ಶಾಖೆಯನ್ನೂ ಪ್ರತ್ಯೇಕ ಕಡತಕೋಶದಲ್ಲಿ ತೆರೆದಿಟ್ಟುಕೊಳ್ಳಬಹುದು.

ನಾಲ್ಕನೆಯದು ಅಳಿಸುವಾಗಿನ ಎಚ್ಚರ. ವಿಲೀನವಾಗದ ಶಾಖೆಯನ್ನು ಅಳಿಸಲು ಹೋದರೆ ಗಿಟ್ ಸಾಮಾನ್ಯವಾಗಿ ತಡೆದು ಎಚ್ಚರಿಸುತ್ತದೆ. ಅನಾಥ ಶಾಖೆಗಳು ವಿಲೀನವಾಗುವುದೇ ಇಲ್ಲವಾದ್ದರಿಂದ ಅವುಗಳ ಮಟ್ಟಿಗೆ ಈ ಎಚ್ಚರಿಕೆ ಪದೇ ಪದೇ ಬರುತ್ತದೆ. ಪದೇ ಪದೇ ಬರುವ ಎಚ್ಚರಿಕೆಗೆ ಬೆಲೆ ಇಳಿಯುತ್ತದೆ. ಬಲವಂತದ ಆದೇಶ ಕೊಟ್ಟು ಅಳಿಸುವುದು ರೂಢಿಯಾಗುತ್ತದೆ. ಮುಖ್ಯ ಶಾಖೆಯಿಂದ ಕವಲೊಡೆದದ್ದನ್ನು ಅಳಿಸಿದರೆ ಬುಡವಾದರೂ ಮುಖ್ಯ ಶಾಖೆಯಲ್ಲಿ ಉಳಿದಿರುತ್ತದೆ. ಅನಾಥ ಶಾಖೆ ಅಳಿದರೆ ಬೇರುಸಹಿತ ಅಳಿಯುತ್ತದೆ. ಯಾವ ಶಾಖೆಯಿಂದಲೂ ತಲಪಲಾಗದ ಕಮಿಟ್‌ಗಳನ್ನು ಗಿಟ್ ಕೆಲಕಾಲ ಮಾತ್ರ ಇಟ್ಟುಕೊಂಡು ಬಳಿಕ ಕಸವೆಂದು ಗುಡಿಸಿಬಿಡುತ್ತದೆ.

ಅಳಿಸಿದ ಇತಿಹಾಸದ ಬೆಲೆ

ಇವೆಲ್ಲ ವೃತ್ತಿಯವರ ಗೃಹಕೃತ್ಯದ ಮಾತಾಯಿತು. ವೃತ್ತಿಯ ಹೊರಗಿನ ನಾವು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಅನಾಥ ಶಾಖೆಯನ್ನು ಇತಿಹಾಸ ಅಳಿಸಲೆಂದೇ ಬಳಸುವವರಿದ್ದಾರೆ. ಇಂದಿನ ಕಡತಗಳನ್ನು ಹೊಸ ಬೇರಿನ ಮೇಲಿಟ್ಟು, ಹಳೆಯ ಶಾಖೆಯನ್ನು ಕಿತ್ತುಹಾಕಿದರೆ ನೋಡುವವರಿಗೆ ಎಲ್ಲವೂ ಒಂದೇ ದಿನ, ಒಬ್ಬರಿಂದಲೇ ಹುಟ್ಟಿದಂತೆ ಕಾಣುತ್ತದೆ. ಹಳೆಯ ಕಮಿಟ್‌ನಲ್ಲಿ ಗುಪ್ತಪದವೊಂದು ಸೇರಿಹೋಗಿತ್ತು ಎಂಬ ಕಾರಣ ನೀಡುವುದುಂಟು. ಒಮ್ಮೆ ಹೊರಬಿದ್ದ ಗುಪ್ತಪದವನ್ನು ಬದಲಿಸುವುದೇ ಅದಕ್ಕೆ ಮೊದಲ ಪರಿಹಾರ. ಆ ನೆಪದಲ್ಲಿ ಐದು ವರ್ಷ ದುಡಿದ ಹತ್ತು ಜನರ ಹೆಸರನ್ನೂ ಅವರು ಬರೆದ ಕಾರಣಗಳನ್ನೂ ಅಳಿಸಬೇಕಾಗಿಲ್ಲ.

ಇದರ ಪರಿಣಾಮವೇನೆಂಬುದನ್ನು ಲಿನಕ್ಸ್‌ನಲ್ಲಿಯೇ ಕಾಣಬಹುದು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. 2002ರಿಂದ ಅದರ ಇತಿಹಾಸ ಬಿಟ್‌ಕೀಪರ್ ಎಂಬ ಬೇರೊಂದು ವ್ಯವಸ್ಥೆಯಲ್ಲಿತ್ತು. ಅದನ್ನು ಉಚಿತವಾಗಿ ಬಳಸುವ ಅವಕಾಶ 2005ರಲ್ಲಿ ಕೈತಪ್ಪಿದಾಗ ಟೋರ್ವಾಲ್ಡ್ಸ್ ಗಿಟ್ ರೂಪಿಸಿ, ಏಪ್ರಿಲ್ 16ರಂದು ಅಂದಿನ ಲಿನಕ್ಸ್‌ನ ಸುಮಾರು 17 ಸಾವಿರ ಕಡತಗಳನ್ನು, 67 ಲಕ್ಷ ಸಾಲುಗಳನ್ನು ಒಂದೇ ಕಮಿಟ್‌ನಲ್ಲಿ ತುಂಬಿದರು. ಹಳೆಯ ಇತಿಹಾಸವನ್ನು ತಂದರೆ 3.2 ಗಿಗಾಬೈಟ್ ಆಗುತ್ತದೆ, ಎಳೆಯ ಗಿಟ್‌ಗೆ ಆ ಹೊರೆ ಬೇಡ, ಮುಂದೆ ಬೇಕಾದರೆ ಪ್ರತ್ಯೇಕವಾಗಿ ಮಾಡಿಕೊಳ್ಳೋಣ ಎಂಬ ಆಶಯದ ಟಿಪ್ಪಣಿಯನ್ನೂ ಅದರಲ್ಲಿಟ್ಟರು. ಇಂದಿಗೂ ಆ ಕಾಲದಿಂದ ಬದಲಾಗದೆ ಉಳಿದ ಯಾವುದೇ ಸಾಲನ್ನು ಯಾರು ಬರೆದರೆಂದು ಗಿಟ್ ಅನ್ನು ಕೇಳಿದರೆ ಬರುವ ಉತ್ತರ ಒಂದೇ: ಲೈನಸ್ ಟೋರ್ವಾಲ್ಡ್ಸ್. ಅದು ನಿಜವಲ್ಲವೆಂದು ಟೋರ್ವಾಲ್ಡ್ಸ್ ಅವರೂ ಬಲ್ಲರು. ನೂರಾರು ಜನರ ದುಡಿಮೆ ಒಂದು ಹೆಸರಿನ ಕೆಳಗೆ ಮುಚ್ಚಿಹೋಗಿದೆ.

ಆದರೆ ಆ ಇತಿಹಾಸ ನಾಶವಾಗಲಿಲ್ಲ. ಬಿಟ್‌ಕೀಪರ್ ಕಾಲದ ದಾಖಲೆಗಳನ್ನು ಥಾಮಸ್ ಗ್ಲೈಕ್ಸ್‌ನರ್ ಪ್ರತ್ಯೇಕ ಗಿಟ್ ಭಂಡಾರವಾಗಿ ಕಟ್ಟಿಕೊಟ್ಟರು. ಅದು ಲಿನಕ್ಸ್‌ನ ಮುಖ್ಯ ಭಂಡಾರಕ್ಕೆ ಸಂಬಂಧವಿಲ್ಲದ ಇತಿಹಾಸ. ಬೇಕಾದವರು ಅದನ್ನು ತಂದು ತಮ್ಮ ಗಣಕದಲ್ಲಿ 2005ರ ಬುಡಕ್ಕೆ ಕಸಿ ಮಾಡಿಕೊಳ್ಳಬಹುದು. ಗಿಟ್‌ನಲ್ಲಿ ಇದಕ್ಕೆ ‘ಗ್ರಾಫ್ಟ್’ ಎಂದೇ ಹೆಸರು. ತೋಟದಲ್ಲಿ ಮಾವಿಗೆ ಕಟ್ಟುವ ಕಸಿಯೇ ಇದು. ಮೂಲ ಕಮಿಟ್‌ಗಳ ಗುರುತು ಒಂದಿಷ್ಟೂ ಬದಲಾಗುವುದಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಎರಡು ಇತಿಹಾಸಗಳು ಒಂದಾಗಿ ಹರಿಯುತ್ತವೆ. ಕಡಿದುಹೋದ ಸರಪಳಿಯನ್ನು ವರ್ಷಗಳ ಬಳಿಕವೂ ಜೋಡಿಸಬಹುದು, ತುಂಡನ್ನು ಯಾರಾದರೂ ಎತ್ತಿಟ್ಟಿದ್ದರೆ.

ಆ ‘ಎತ್ತಿಟ್ಟಿದ್ದರೆ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಇಂದು ನಮ್ಮ ಪಹಣಿ, ಪಿಂಚಣಿ, ಪಡಿತರ, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ತಂತ್ರಾಂಶದ ಮೂಲಕವೇ ಬರುತ್ತವೆ. ಇಂಥ ತಂತ್ರಾಂಶ ಒಂದು ಗುತ್ತಿಗೆದಾರ ಸಂಸ್ಥೆಯಿಂದ ಇನ್ನೊಂದಕ್ಕೆ ಕೈಬದಲಾಗುವಾಗ ಹಸ್ತಾಂತರವಾಗುವುದು ಕಡತಗಳ ಒಂದು ಗಂಟು ಮಾತ್ರವಾದರೆ, ಹೊಸಬರು ಅದನ್ನು ಹೊಸ ಭಂಡಾರದಲ್ಲಿ ಸುರಿದು ‘ಮೊದಲ ಕಮಿಟ್’ ಎಂದು ಬರೆಯುತ್ತಾರೆ. ಮುಂದೊಂದು ದಿನ ವೃದ್ಧೆಯೊಬ್ಬರ ಪಿಂಚಣಿ ಲೆಕ್ಕ ತಪ್ಪಿದಾಗ, ಆ ಲೆಕ್ಕದ ಸಾಲನ್ನು ಯಾವ ಆದೇಶದ ಮೇರೆಗೆ ಯಾರು ಬದಲಿಸಿದರು ಎಂಬ ಪ್ರಶ್ನೆಗೆ ಉತ್ತರ ಆ ಗೋಡೆಯ ಬಳಿ ಬಂದು ನಿಲ್ಲುತ್ತದೆ. ಸರ್ಕಾರಿ ತಂತ್ರಾಂಶಗಳ ಸೋರ್ಸ್ ಕೋಡ್ ಅನ್ನು ತೆರೆದಿಟ್ಟು ಸಹಯೋಗದಿಂದ ಬೆಳೆಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿಯೇ ಪ್ರಕಟಿಸಿದೆ. ಆದರೆ ಕೋಡ್ ಕೈಗೆ ಸಿಗುವುದು ಒಂದು ಮಾತು, ಅದರ ಚರಿತ್ರೆ ಸಿಗುವುದು ಇನ್ನೊಂದು.

ಆದ್ದರಿಂದ ಸಾರ್ವಜನಿಕ ಹಣದಿಂದ ತಂತ್ರಾಂಶ ಬರೆಸುವ ಪ್ರತಿ ಒಪ್ಪಂದದಲ್ಲಿಯೂ ಒಂದು ಸಾಲು ಇರಬೇಕು: ಹಸ್ತಾಂತರವಾಗಬೇಕಾದದ್ದು ಕಡತಗಳಷ್ಟೇ ಅಲ್ಲ, ಮೊದಲ ಕಮಿಟ್‌ನಿಂದ ಕೊನೆಯದರವರೆಗಿನ ಇಡೀ ಭಂಡಾರ. ಹೊಸ ಸಂಸ್ಥೆಗೆ ಹಳೆಯದರೊಂದಿಗೆ ಬೆಸೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಬೇಡ. ಅದೇ ಭಂಡಾರದ ಮೂಲೆಯಲ್ಲಿ, ಸ್ಪಷ್ಟವಾದ ಹೆಸರಿಟ್ಟು, ಯಾರೂ ತಿದ್ದದಂತೆ, ಅಳಿಸದಂತೆ ಒಂದು ಶಾಖೆಯಾಗಿ ಅದನ್ನು ಇಟ್ಟುಕೊಂಡರೆ ಸಾಕು. ತಗಲುವ ಖರ್ಚು ಅತ್ಯಲ್ಪ. ಕಸಿ ಕಟ್ಟುವವರು ಮುಂದೆ ಬಂದಾರು.

ನಿವೇಶನದ ಮೂಲಪತ್ರವನ್ನು ನಾವು ದಿನವೂ ಓದುವುದಿಲ್ಲ. ಬೀರುವಿನ ಒಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿರುತ್ತೇವೆ. ವ್ಯಾಜ್ಯ ಬಂದ ದಿನ ಅದೊಂದೇ ನಮ್ಮ ಪರವಾಗಿ ಮಾತನಾಡುತ್ತದೆ. ತಂತ್ರಾಂಶದ ಬೇರನ್ನೂ ಅಷ್ಟೇ ಜೋಪಾನವಾಗಿ ಎತ್ತಿಡುವುದನ್ನು ನಾವಿನ್ನು ಕಲಿಯಬೇಕು.